ಮೊದಲೇ ಹಾಜರಾಗಿದ್ದ ಸಭೆಗೆ ಹೋದದ್ದು

ಇವತ್ತು ಅಂಗಳ ಗುಡಿಸಿದೆ, ನಳದ ನೀರು ಹಿಡಿದೆ, ಎಮ್ಮೆಗೆ ಹಿಂಡಿ ಕಲಸಿಟ್ಟೆ, ಹದಿನಾರು ರೊಟ್ಟಿ ಬಡಿದೆ, ಒಣಮೆಣಸಿನಕಾಯಿಯ ತೊಟ್ಟು ಮುರಿದು ಮಾಳಿಗೆಯ ಮೇಲೆ ಹರವಿದೆ, ಆಮೇಲೆ ಕೈ ತೊಳೆದುಕೊಂಡು ಗ್ರಾಮ ಪಂಚಾಯಿತಿಯ ಸಭೆಗೆ ಹೋದೆ. ಕೊನೆಯದೊಂದನ್ನು ಬಿಟ್ಟರೆ ಉಳಿದವೆಲ್ಲ ನನ್ನ ನಿತ್ಯಕರ್ಮಗಳೇ.

ನಾನು ಪಂಚಾಯಿತಿ ಸದಸ್ಯೆ ಎಂಬುದು ನಿಮಗೆ ಗೊತ್ತಿರಲಿಕ್ಕಿಲ್ಲ. ನನಗೂ ಆಗಾಗ ಮರೆಯುತ್ತದೆ. ನಮ್ಮ ವಾರ್ಡು ಮಹಿಳೆಗೆ ಮೀಸಲಾದಾಗ ಮನೆಯವರು ನನ್ನನ್ನು ನಿಲ್ಲಿಸಿದರು, ಜನ ಗೆಲ್ಲಿಸಿದರು, ಸಭೆಗೆ ಮಾತ್ರ ಮನೆಯವರೇ ಹೋಗುತ್ತ ಬಂದರು. ಹಿಂದಿನ ದಿನವೇ ಹಾಜರಿ ಪುಸ್ತಕ ಬೈಕು ಏರಿ ನಮ್ಮ ಅಡುಗೆಮನೆಗೆ ಬರುತ್ತದೆ; ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಸಹಿ ಮಾಡುತ್ತೇನೆ. ಅದರ ಯಾವ ಯಾವ ಪುಟಕ್ಕೆ ಜೋಳದ ಹಿಟ್ಟು ಅಂಟಿದೆಯೋ ಅಲ್ಲೆಲ್ಲ ನಾನು ಪ್ರಜಾಪ್ರಭುತ್ವದಲ್ಲಿ ಸಕ್ರಿಯವಾಗಿ ಭಾಗವಹಿಸಿದ್ದೇನೆ ಎಂದು ತಿಳಿಯತಕ್ಕದ್ದು.

ನಿನ್ನೆ ಹಾಗೆ ಸಹಿ ಮಾಡುತ್ತಿದ್ದಾಗ ಪಕ್ಕದ ಮನೆಯ ಸೊಸೆ ಶಿವಲೀಲಾ ಹೆಪ್ಪು ಕೇಳುವ ನೆಪದಲ್ಲಿ ಬಂದಳು. ಎರಡು ಹೆಣ್ಣುಮಕ್ಕಳ ತಾಯಿ. ಎರಡನೆಯ ಹೆರಿಗೆಯಲ್ಲಿ ರಕ್ತಸ್ರಾವವಾಗಿ ಬದುಕಿದ್ದೇ ಹೆಚ್ಚು. ಮೂರನೆಯದು ಜೀವಕ್ಕೇ ಅಪಾಯವೆಂದು ಡಾಕ್ಟರು ಹೇಳಿದ್ದಾರೆ. ಅತ್ತೆಗೂ ಗಂಡನಿಗೂ ಗಂಡುಮಗು ಬೇಕು. ಆಪರೇಷನ್ ಮಾಡಿಸಿಕೊಳ್ಳುತ್ತೇನೆಂದು ಒಬ್ಬಳೇ ಹೋದರೆ, ಗಂಡನ ಸಹಿ ತರಬೇಕೆಂದು ಆರೋಗ್ಯ ಕೇಂದ್ರದವರು ವಾಪಸು ಕಳಿಸಿದ್ದಾರೆ.

“ಮೆಂಬರ್ ಅದೀರಲ್ಲ ಚಿಗವ್ವ, ನಾಳೆ ಮೀಟಿಂಗಿನಾಗ ಕೇಳ್ರಿ. ನನ್ನ ಹೊಟ್ಟಿಗೆ ಅವರ ಸಹಿ ಯಾಕ ಅಂತ.”

ನನ್ನ ಪೆನ್ನು ನಿಂತಿತು. ಇವಳ ಶರೀರಕ್ಕೆ ಗಂಡನ ಸಹಿ, ನನ್ನ ಗಂಡನ ಅಧಿಕಾರಕ್ಕೆ ನನ್ನ ಸಹಿ. ಎರಡರಲ್ಲೂ ನಡೆಯುವುದು ಅವರದೇ.

ಇವತ್ತು ಪಂಚಾಯಿತಿಯ ಮೆಟ್ಟಿಲೇರುವಾಗ ಸೀರೆಯ ನೆರಿಗೆಯನ್ನು ಎರಡೆರಡು ಸಲ ಸರಿಮಾಡಿಕೊಂಡೆ. ಕಾರ್ಯದರ್ಶಿ ಕನಿಕರದಿಂದಲೇ ಕೇಳಿದರು: “ಅಕ್ಕಾರ, ನಿಮ್ಮ ಹಾಜರಿ ನಿನ್ನೇನ ಆಗೈತಲ್ರಿ, ಮತ್ಯಾಕ ತ್ರಾಸ ತಗೊಂಡ್ರಿ?” ನನ್ನ ಕುರ್ಚಿಯಲ್ಲಿ ಮನೆಯವರು ಕುಳಿತಿದ್ದರು. ಅವರನ್ನು ಕಂಡೊಡನೆ, ಹಾಳು ರೂಢಿ, “ಊಟಕ್ಕ ಬರ್ತೀರೇನು?” ಎಂದುಬಿಟ್ಟೆ. ಸಭೆಯೇ ನಕ್ಕಿತು. ಆ ನಗು ಆರುವ ಮುನ್ನ ನಿಂತಲ್ಲಿಂದಲೇ ಕೇಳಿದೆ:

“ಹೆಂಗಸರ ಆಪರೇಷನ್ನಿಗೆ ಗಂಡನ ಸಹಿ ಬೇಕು ಅಂತ ಯಾವ ರೂಲ್ಸಿನಾಗ ಐತ್ರಿ?”

ಆರೋಗ್ಯ ಕೇಂದ್ರದಿಂದ ಬಂದಿದ್ದಾತ ತಡವರಿಸಿದ. “ರೂಲ್ಸಿನಾಗ ಇಲ್ರಿ... ಆಮ್ಯಾಲ ಮನಿಯವರು ಬಂದು ಜಗಳ ತಗೀತಾರಂತ ಕೇಳ್ತೀವ್ರಿ.”

“ಇಲ್ಲ ಅನ್ನೋದನ್ನ ನಡಾವಳಿ ಪುಸ್ತಕದಾಗ ಬರೀರಿ ಹಂಗಾರ.”

“ಏನ್ರೀ ಅಣ್ಣಾರ, ನಿಮ್ಮ ಮನ್ಯಾಗ ಯಾರ ರಾಜ್ಯ?” ಎಂದು ಹಿರಿಯ ಸದಸ್ಯರೊಬ್ಬರು ಮನೆಯವರನ್ನು ಚುಚ್ಚಿದರು. ಮನೆಯವರು ಫ್ಯಾನು ನೋಡುತ್ತ ಕುಳಿತರು. ಕಾರ್ಯದರ್ಶಿ ಬರೆದುಕೊಂಡರು.

ನಾನು ಯಾರ ಹೆಸರನ್ನೂ ಎತ್ತಿರಲಿಲ್ಲ. ಆದರೆ ಊರಿಗೆ ಹೆಸರು ಬೇಕೇ? ಸಂಜೆಯಾಗುವಷ್ಟರಲ್ಲಿ ಶಿವಲೀಲಾ, ಎರಡು ಮಕ್ಕಳು ಮತ್ತು ಒಂದು ಬಟ್ಟೆಯ ಗಂಟು ನಮ್ಮ ಬಾಗಿಲಲ್ಲಿ. ಅತ್ತೆ ಹೊರಗೆ ಹಾಕಿದ್ದಳು. ನಾಳೆ ಮೊದಲ ಬಸ್ಸಿಗೆ ನಾವಿಬ್ಬರೂ ಹಗರಿಬೊಮ್ಮನಹಳ್ಳಿಯ ದವಾಖಾನೆಗೆ ಹೋಗುವುದೆಂದು ಶಿವಲೀಲಾಳೇ ನಿಶ್ಚಯಿಸಿದಳು. ಅಲ್ಲಿಯೂ ಸಹಿ ಕೇಳಿದರೆ? ರಾತ್ರಿಯೇ ಅವಳ ಗಂಡ ಬಂದು ಕದ ಬಡಿದರೆ? ಒಂದು ಪ್ರಶ್ನೆ ಕೇಳಿ ಒಬ್ಬಳ ಸಂಸಾರವನ್ನು ಬೀದಿಗೆ ತಂದೆನೇ ಎಂಬ ಭಯದಲ್ಲಿ ಊಟದ ನಡುವೆಯೇ ಎದ್ದು ಚಿಲಕ ಹಾಕಿ ಬಂದೆ.

ಮನೆಯವರು ತಾಟಿನಿಂದ ತಲೆ ಎತ್ತಿದರು. “ನಾಳೆ ನಾನೂ ಬರ್ಲೇನು?”

“ಸಹಿ ಮಾಡಾಕಾದ್ರ ಬ್ಯಾಡ್ರಿ.”

“ಹುಡುಗ್ರನ್ನ ಎತ್ಕೊಳ್ಳಾಕ ಅಂದೆ.”

ಉಂಡದ್ದು ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಮಕ್ಕಳಿಗೆ ಹಾಲು ಅನ್ನ. ಮೊದಲು ನಿದ್ದೆ ಹೋದವಳು ಶಿವಲೀಲಾ, ಮಕ್ಕಳಿಗಿಂತಲೂ ಮೊದಲು, ಎಷ್ಟೋ ದಿನದಿಂದ ನಿದ್ದೆಯನ್ನೇ ಕಾಣದವಳಂತೆ. ನಾನು ಎದ್ದು ಇನ್ನೊಮ್ಮೆ ಚಿಲಕ ನೋಡಿ ಬಂದೆ.