ಕಂಪನಿ ಬ್ಯಾರೆ, ಔಷಧ ಅದೇ

ಗುಳಿಗೆ ತಪ್ಪಿಸಿದವರು ನಮ್ಮ ವೈನಿ ಅಲ್ಲ. ನಾನು. ಆರು ತಿಂಗಳ ಔಷಧದಲ್ಲಿ ಐದು ತಿಂಗಳು ಅವರ ಕೈಗೆ ಬೇರೆಯದನ್ನೇ ತಂದುಕೊಟ್ಟವಳು ನಾನು. ಅದು ಬೇರೆಯದೆಂದು ಗೊತ್ತಾದ ಮೇಲೂ ತಂದುಕೊಟ್ಟೆ. ಕೊನೆಗೆ ಮನೆಮಂದಿಯೆಲ್ಲ ಅವರನ್ನು ಸುಳ್ಳಿ ಎಂದಾಗ, ಒಂದೇ ಒಂದು ಮಾತಾಡಿ ಅವರನ್ನು ಪೂರ್ತಿ ಮುಳುಗಿಸಿದವಳೂ ನಾನೇ. ಇಷ್ಟನ್ನು ಕಾಗದದ ಮೇಲೆ ಇಳಿಸಲು ನನಗೆ ಹದಿನೆಂಟು ವರ್ಷ ಬೇಕಾಯಿತು. ಬರೆದು ನೋಡಿದರೆ ನಾಲ್ಕೈದು ಸಾಲೂ ಆಗಲಿಲ್ಲ.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ, ರುಕ್ಮಿಣಿ. ಊರು ಕಮಲಾಪುರ. ಅಣ್ಣ ಅಲ್ಲಿಯೇ ಶಾಲಾ ಮಾಸ್ತರ. ನನಗೆ ಒಂಬತ್ತು ವರ್ಷವಿದ್ದಾಗ ತಾಯಿ ಹೋದಳು. ಆಮೇಲೆ ನನ್ನ ಹೇನು ತೆಗೆದವರು, ಜಡೆ ಹೆಣೆದವರು, ಪರೀಕ್ಷೆಯ ದಿನ ಮೊಸರು-ಸಕ್ಕರೆ ಕೈಗೆ ಹಾಕಿದವರು ವೈನಿ. ನಾನು ಬಿ.ಎ. ಮುಗಿಸಿ ಟೈಪಿಂಗ್ ಪಾಸು ಮಾಡಿ ಕಪನೂರಿನ ಒಂದು ಬೇಳೆ ಮಿಲ್ಲಿನ ಆಫೀಸಿನಲ್ಲಿ ಕೆಲಸ ಹಿಡಿದಾಗ ಅಣ್ಣ ಒಪ್ಪಲಿಲ್ಲ. ಹೆಣ್ಣುಮಗಳು ದಿನಾ ಬಸ್ಸಿನಲ್ಲಿ ಓಡಾಡುವುದು ಬೇಡ ಎಂದು ಹಟ ಹಿಡಿದ. ಆಗ ಒಲೆಯ ಮುಂದಿನಿಂದ ವೈನಿಯೇ ಎದ್ದು ಬಂದರು.

"ಓದಿದಾಕಿ ಇದ್ದಾಳ, ಹೋಗಲಿ ಬಿಡ್ರಿ. ಅಕಿನೂ ನನ್ನಂಗ ಮನ್ಯಾಗ ಕೂತು ಅಕ್ಕಿ ಆರಿಸಬೇಕೇನು?"

ಆ ಒಂದು ಮಾತಿನ ಮೇಲೆ ನಾನು ಬಸ್ಸು ಹತ್ತಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕಲಬುರಗಿಯನ್ನು ನಾವಿನ್ನೂ ಗುಲಬರ್ಗಾ ಎನ್ನುತ್ತಿದ್ದ ಕಾಲ. ಊಟ ಮಾಡಿದರೆ ಸಾಕು, ವೈನಿಗೆ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಶುರುವಾಗಿ ಹೆಗಲವರೆಗೂ ಏರುತ್ತಿತ್ತು. ಗುಲಬರ್ಗಾಕ್ಕೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದೆವು. ಪಿತ್ತಕೋಶದಲ್ಲಿ ಸಣ್ಣ ಸಣ್ಣ ಕಲ್ಲು. ಲಿವರಿನ ರಕ್ತಪರೀಕ್ಷೆಯೂ ಪೂರಾ ಸರಿಯಿರಲಿಲ್ಲ. ಕಲ್ಲು ಸಣ್ಣವಿದ್ದಾವೆ, ಕರಗಿಸುವ ಔಷಧ ಕೊಟ್ಟು ಆರು ತಿಂಗಳು ನೋಡೋಣ, ಆಮೇಲೆ ಮತ್ತೆ ಸ್ಕ್ಯಾನ್ ಎಂದು ಡಾಕ್ಟರು ಒಂದು ಕ್ಯಾಪ್ಸೂಲ್ ಬರೆದರು. ಬರೆದು ಚೀಟಿಯನ್ನು ಅಣ್ಣನ ಕೈಗೆ ಕೊಡಲಿಲ್ಲ, ನನ್ನ ಕೈಗೆ ಕೊಟ್ಟರು.

"ನೀವು ಓದಿದವರು, ನೀವೇ ತಿಳಿಸಿ ಹೇಳ್ರಿ ಇವರಿಗೆ. ಎರಡೂ ಹೊತ್ತು ಊಟದ ಜೊತಿಗೇ ತಗೋಬೇಕು. ನೋವು ಕಡಿಮಿ ಆತಂತ ಬಿಡಬಾರದು. ಎದಿ ಉರಿಗಂತ ಬ್ಯಾರೆ ಗುಳಿಗಿ ತಗೊಂಡ್ರ ನಡುವ ಎರಡು ತಾಸು ಬಿಡ್ರಿ, ಇಲ್ಲಂದ್ರ ಈ ಔಷಧ ಮೈಗೆ ಹತ್ತಂಗಿಲ್ಲ. ಜ್ವರ ಬಂತು, ಕಣ್ಣು ಹಳದಿ ಆದವು ಅಂದ್ರ ತಡ ಮಾಡದೆ ಬರ್ರಿ."

ಓದಿದವರು! ಆ ಮಾತಿಗೆ ನಾನು ಎಷ್ಟು ಉಬ್ಬಿದ್ದೆನೆಂದರೆ — ಬಸ್ಸಿನಲ್ಲಿ ವೈನಿಗೆ ಅದನ್ನೆಲ್ಲ ಮೂರು ಸಲ ಹೇಳಿದೆ. ಅವರು ಒಂದೇ ಪ್ರಶ್ನೆ ಕೇಳಿದರು. ಊಟದ ಜೊತೆ ಅಂದರೆ, ಏಕಾದಶಿ ದಿನ? ಅವರದು ನೀರೂ ಮುಟ್ಟದ ಏಕಾದಶಿ, ಮದುವೆಯಾಗಿ ಬಂದಾಗಿನಿಂದ ಒಂದೂ ತಪ್ಪಿಸಿರಲಿಲ್ಲ. ಮರುದಿನ ನಾನು ಆಫೀಸಿನಿಂದ ಡಾಕ್ಟರರಿಗೆ ಫೋನು ಮಾಡಿ ಕೇಳಿದೆ. ಉಪವಾಸ ಇರುವುದೇ ಬೇಡ, ಆಗದಿದ್ದರೆ ಹಾಲು-ಹಣ್ಣಾದರೂ ತಗೊಂಡು ಔಷಧ ತಗೊಳ್ಳಲಿ ಎಂದರು. ಮುಂದಿನ ಏಕಾದಶಿಗೆ ವೈನಿ ನಮ್ಮೂರಿನ ಕೆಂಪು ಬಾಳೆಹಣ್ಣು ಒಂದನ್ನು ದೇವರ ಮುಂದೆ ಇಟ್ಟು, ಕೈಮುಗಿದು, ಅದನ್ನು ತಿಂದು ಗುಳಿಗೆ ನುಂಗಿದರು. ಡಾಕ್ಟರು ಹೇಳಿದ್ದನ್ನು ಅವರು ಪಾಲಿಸಿದ್ದು ಹೀಗೆ. ತಮ್ಮ ವ್ರತಕ್ಕಿಂತ ಮೇಲಿಟ್ಟು.

ಮೊದಲ ತಿಂಗಳು ಸರಿಯಾದ ಔಷಧವೇ. ಎರಡನೆಯ ತಿಂಗಳಿಗೆ ಚೀಟಿ ಹಾಳಾಯಿತು. ನಾನು ಅದನ್ನು ಬುತ್ತಿಚೀಲದಲ್ಲಿ ಇಟ್ಟಿದ್ದೆ. ಉಪ್ಪಿನಕಾಯಿಯ ಎಣ್ಣೆ ಸೋರಿ ಚೀಟಿ ಕೆಂಪಗೆ ನೆನೆದು ಒಂದಕ್ಷರ ಓದುವಂತಿರಲಿಲ್ಲ. "ಚೀಟಿ ಜೋಪಾನ" ಎಂದು ಅಣ್ಣ ಎಚ್ಚರಿಸಿದ್ದ. ಗುಳಿಗೆ ಮುಗಿದ ಖಾಲಿ ಪಟ್ಟಿಯೊಂದನ್ನು ತೋರಿಸಿದರೂ ಆಗುತ್ತಿತ್ತು — ಆದರೆ ವೈನಿ ಎಲ್ಲವನ್ನೂ ಆಗಲೇ ಒಲೆಗೆ ಹಾಕಿದ್ದರು. ಹೆಸರು ನೆನಪಿರಲಿಲ್ಲ. ಅಷ್ಟು ಓದಿದವಳಿಗೆ ಔಷಧದ ಹೆಸರು ನೆನಪಿರಲಿಲ್ಲ, ಅದನ್ನು ಡಾಕ್ಟರರಿಗೆ ಫೋನು ಮಾಡಿ ಕೇಳಲು ನಾಚಿಕೆ.

ಆ ಸಂಜೆ ಕಪನೂರಿನಿಂದ ಊರಿನ ಬಸ್ಸು ಹಿಡಿಯದೆ ಉಲ್ಟಾ ಗುಲಬರ್ಗಾದ ಕಡೆಗೆ ಹೋದೆ. ಸೂಪರ್ ಮಾರ್ಕೆಟ್ ಎಂಬ ಪೇಟೆಬೀದಿಯಲ್ಲಿ ಕಾಲಿಡಲು ಜಾಗವಿಲ್ಲ, ಆಟೋದವರ ಕೂಗು, ಕೊನೆಯ ಬಸ್ಸಿನ ಚಿಂತೆ. ಒಂದು ಔಷಧದ ಅಂಗಡಿಯಲ್ಲಿ ಜನರ ಹೆಗಲ ಮೇಲಿನಿಂದ ಕೂಗಿದೆ: "ಪಿತ್ತದ ಗುಳಿಗಿ ಕೊಡ್ರಿ."

ನಮ್ಮ ಕಡೆ ಪಿತ್ತ ಎಂಬ ಮಾತು ಎಷ್ಟು ಅಗ್ಗ ಗೊತ್ತೇನು. ಬಸ್ಸಿನಲ್ಲಿ ವಾಂತಿಯಾದರೆ ಪಿತ್ತ, ಹುಳಿತೇಗು ಬಂದರೆ ಪಿತ್ತ, ತಲೆ ತಿರುಗಿದರೆ ಪಿತ್ತ. ಯಾರಾದರೂ ಅಧಿಕಪ್ರಸಂಗ ಮಾಡಿದರೂ ಪಿತ್ತ ನೆತ್ತಿಗೇರಿದೆ ಎನ್ನುತ್ತೇವೆ. ನನ್ನ ತಲೆಯಲ್ಲಿ ಇದ್ದದ್ದು ಪಿತ್ತದ ಕಲ್ಲು, ಆದ್ದರಿಂದ ಪಿತ್ತದ ಗುಳಿಗೆ. ಅಂಗಡಿಯವನ ತಲೆಯಲ್ಲಿ ಇದ್ದದ್ದು ಎದೆಯುರಿ. ಅವನು ಕೊಟ್ಟದ್ದು ದುಂಡನೆಯ ಗುಳಿಗೆ, ಕ್ಯಾಪ್ಸೂಲ್ ಅಲ್ಲ. ಅದು ನನ್ನ ಕಣ್ಣಿಗೆ ಬಿತ್ತು. ಬಿತ್ತು — ಬೀಳಲಿಲ್ಲ ಎಂದು ನಾನು ಎಂದೂ ಹೇಳಲಾರೆ.

"ಇದು ಪಿತ್ತಕ್ಕೇ ಹೌದಲ್ರಿ?"

"ಪಿತ್ತಕ್ಕ ಇದೇ ನೋಡ್ರಿ ಬಾಯಾರ, ಎಲ್ಲಾರೂ ಇದೇ ಒಯ್ತಾರ."

ಮನೆಯಲ್ಲಿ ವೈನಿ ಪಟ್ಟಿಯನ್ನು ತಿರುಗಿಸಿ ನೋಡಿದರು. ಅಕ್ಷರ ಬಾರದಿದ್ದರೂ ಕಣ್ಣು ಚುರುಕು. ಒಂದನ್ನು ಬಾಯಿಗೆ ಹಾಕಿಕೊಂಡು, "ಅದು ನುಂಗೋದಿತ್ತು. ಇದು ಸಿಹಿ ಅದ, ಬಾಯಾಗ ಕರಗತದ. ಯಾಕ ಸುಧಾ?" ಎಂದರು.

"ಕಂಪನಿ ಬ್ಯಾರೆ ವೈನಿ, ಔಷಧ ಅದೇ."

ಎಷ್ಟು ಸಲೀಸಾಗಿ ಬಂತು ಆ ಮಾತು! ತಡವರಿಸಲೂ ಇಲ್ಲ. ವೈನಿ ತಲೆಯಾಡಿಸಿದರು, ಓದಿದವಳು ಹೇಳಿದ ಮೇಲೆ ಮುಗಿಯಿತು.

ಇಲ್ಲಿಯವರೆಗೆ ಇದನ್ನು ತಪ್ಪು ಎನ್ನಬಹುದು. ಇನ್ನು ಮುಂದಿನದಕ್ಕೆ ಆ ಹೆಸರು ಸಾಲದು.

ಎರಡು ತಿಂಗಳ ನಂತರ ಆಫೀಸಿನಲ್ಲಿ ನನ್ನ ಪಕ್ಕದ ಸುಶೀಲಾ ಮಿರ್ಚಿ ಭಜಿ ತಿಂದು ಮುಖ ಕಿವುಚಿ ಪರ್ಸಿನಿಂದ ಒಂದು ಪಟ್ಟಿ ತೆಗೆದಳು. ಅದೇ ಬಣ್ಣ, ಅದೇ ಗುಳಿಗೆ. ಏನದು ಎಂದೆ. "ಪಿತ್ತದ ಗುಳಿಗಿ. ಖಾರ ತಿಂದ್ರ ಎದಿ ಉರೀತದಲ್ಲ, ಅದಕ್ಕ. ಬೇಕೇನು?" ಎಂದಳು. ನನ್ನ ಕೈಯಲ್ಲಿದ್ದ ತುತ್ತು ಡಬ್ಬಿಗೆ ವಾಪಸು ಬಿತ್ತು. ಕಲ್ಲು ಕರಗಿಸುವುದಲ್ಲ ಅದು. ಡಾಕ್ಟರು ಎರಡು ತಾಸು ದೂರ ಇಡಿ ಎಂದಿದ್ದರಲ್ಲ, ಆ ಜಾತಿಯದು.

ಅವತ್ತೇ ಡಾಕ್ಟರರ ಹತ್ತಿರ ಹೋಗಿ ಹೊಸ ಚೀಟಿ ಬರೆಸಿಕೊಳ್ಳಬಹುದಿತ್ತು. ಅರ್ಧ ದಿನದ ಕೆಲಸ. ಹೋಗಲಿಲ್ಲ. ಡಾಕ್ಟರು ಹಳೇ ಚೀಟಿ ಕೇಳಿದರೆ? ಅಣ್ಣನಿಗೆ ತಿಳಿದರೆ? 'ಒಂದು ಚೀಟಿ ಹಿಡಿಯೋದು ಆಗಲಿಲ್ಲ, ಇಕಿ ನೌಕರಿ ಮಾಡ್ತಾಳಂತ' ಎಂದು ಬಸ್ಸು ಬಿಡಿಸಿದರೆ? ನಾಳೆ ಹೋದರಾಯಿತು, ರವಿವಾರ ಹೋದರಾಯಿತು… ಮತ್ತೆ ಗುಳಿಗೆ ಬದಲಾದರೆ ವೈನಿ ಕೇಳುತ್ತಾರೆ, ಅದಕ್ಕೇನು ಹೇಳುವುದು… ಹೀಗೆ ಯೋಚಿಸುತ್ತ ಯೋಚಿಸುತ್ತ ಗೊತ್ತಿದ್ದೂ ಗೊತ್ತಿದ್ದೂ ಇನ್ನೂ ಮೂರು ತಿಂಗಳು ಅದೇ ಅಂಗಡಿಗೆ ಹೋಗಿ ಅದೇ ಬಾಯಿಂದ "ಪಿತ್ತದ ಗುಳಿಗಿ" ಎಂದೆ.

ವೈನಿ ಸಂತೋಷವಾಗಿದ್ದರು. ಎದೆಯುರಿ ಕಡಿಮೆಯಾಗಿತ್ತು, ಆಗಲೇಬೇಕಲ್ಲ! "ನೀ ತಂದ ಗುಳಿಗಿ ಭಾಳ ಛಲೋ ಅದ ನೋಡು," ಎಂದು ನನ್ನ ತಟ್ಟೆಗೆ ಒಂದು ಹೋಳಿಗೆ ಹೆಚ್ಚಿಗೆ ಹಾಕುತ್ತಿದ್ದರು. ಏಕಾದಶಿಗೆ ಬಾಳೆಹಣ್ಣು ಸುಲಿಯುವಾಗ ನಾನು ಹಿತ್ತಲಿಗೆ ಹೋಗಿಬಿಡುತ್ತಿದ್ದೆ. ಯಾವ ಔಷಧಕ್ಕಾಗಿ ಅವರು ವ್ರತ ಮುರಿಯುತ್ತಿದ್ದರೋ ಆ ಔಷಧ ನಮ್ಮ ಮನೆಯಲ್ಲೇ ಇರಲಿಲ್ಲ.

ಆರನೆಯ ತಿಂಗಳು ಚಳಿಜ್ವರ ಬಂತು, ಎರಡನೆಯ ದಿನ ಕಣ್ಣು ಹಳದಿಯಾಯಿತು. ಗುಲಬರ್ಗಾಕ್ಕೆ ಹೋದೆವು. ಕಲ್ಲು ಒಂದು ಜಾರಿ ಪಿತ್ತದ ನಾಳದಲ್ಲಿ ಸಿಕ್ಕಿಕೊಂಡಿತ್ತು. ಡಾಕ್ಟರು ಎರಡೂ ಸ್ಕ್ಯಾನ್‌ಗಳನ್ನು ಪಕ್ಕದಲ್ಲಿಟ್ಟು ನೋಡಿ, "ಇವರು ಔಷಧ ಬರೋಬರಿ ತಗೊಂಡಂಗ ಕಾಣಂಗಿಲ್ಲ," ಎಂದು ಫೈಲಿನಲ್ಲಿಯೂ ಅದನ್ನೇ ಬರೆದರು. ಹೊಟ್ಟೆ ಕೊಯ್ದು ತೆಗೆಯಬೇಕಾಯಿತು. ಇಪ್ಪತ್ತೆರಡು ದಿನ ಆಸ್ಪತ್ರೆ. ಸರಿಯಾದ ಔಷಧ ಕೊಟ್ಟಿದ್ದರೂ ಕಲ್ಲು ಕರಗುತ್ತಿತ್ತೆಂದು ಖಾತ್ರಿಯಾಗಿ ಯಾರೂ ಹೇಳಲಾರರು, ಎಲ್ಲರಿಗೂ ಕರಗುವುದಿಲ್ಲವಂತೆ. ಎಷ್ಟೋ ವರ್ಷ ಇದೊಂದನ್ನೇ ಹಿಡಿದುಕೊಂಡು ಬದುಕಿದೆ. ಈಗ ಬಿಟ್ಟಿದ್ದೇನೆ. ಕರಗುತ್ತಿತ್ತೋ ಇಲ್ಲವೋ ನೋಡುವ ಅವಕಾಶವನ್ನೇ ನಾನು ಕಸಿದುಕೊಂಡಿದ್ದೆ.

ಮನೆಗೆ ಬಂದ ದಿನ ಅಣ್ಣ ನೋಡಲು ಬಂದವರ ಮುಂದೆಲ್ಲ ಅದನ್ನೇ ಹೇಳತೊಡಗಿದ: ಗುಳಿಗಿ ಹೊರಗ ಒಗದಿರಬೇಕು, ಕದ್ದು ಕದ್ದು ಭಜಿ ತಿಂದಿರಬೇಕು. ವೈನಿ ಹೊಲಿಗೆಯ ಮೇಲೆ ಕೈ ಒತ್ತಿ ಹಿಡಿದುಕೊಂಡು, ಬಗ್ಗಿಕೊಂಡೇ ಅಂಗಳಕ್ಕೆ ನಡೆದು ವೃಂದಾವನದ ತುಳಸಿಯನ್ನು ಮುಟ್ಟಿದರು.

"ಈ ತುಳಸಿ ಮುಟ್ಟಿ ಹೇಳ್ತೀನಿ, ಒಂದು ಹೊತ್ತು ಸುದ್ದಾ ತಪ್ಪಸಿಲ್ಲ. ಸುಧಾ, ನೀನರೆ ಹೇಳು. ನೀನೇ ತಂದು ಕೊಡತಿದ್ದಿಯಲ್ಲ?"

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಹೇಳಿದೆ:

"ನಾ ತಂದು ಕೊಟ್ಟೀನಿ, ಅಷ್ಟೇ. ತಗೊಂಡಾರೋ ಇಲ್ಲೋ ನನಗ ಹ್ಯಾಂಗ ಗೊತ್ತಾಗಬೇಕು?"

ವೈನಿ ತುಳಸಿಯ ಮೇಲಿಂದ ಕೈ ತೆಗೆದರು. ಅವರ ಮುಖದಲ್ಲಿ ಕಂಡದ್ದು ಸಿಟ್ಟಲ್ಲ — ತಾವೇ ಎಲ್ಲಾದರೂ ಮರೆತಿರಬಹುದೇ ಎಂಬ ಅನುಮಾನ. ತಮ್ಮ ಮೇಲೆಯೇ ಅನುಮಾನ! ಅವತ್ತಿನಿಂದ ನಮ್ಮ ಮನೆಯಲ್ಲಿ ಹೊಸ ಗಾದೆಯೊಂದು ಹುಟ್ಟಿತು. ಯಾರಾದರೂ ಸುಳ್ಳು ಹೇಳಿದರೆಂದು ತೋರಿದರೆ ಅಣ್ಣ, "ಇದು ರುಕ್ಮಿಣಿದು ತುಳಸಿ ಆಣಿ," ಎನ್ನುತ್ತಾನೆ. ಮಕ್ಕಳೂ ಕಲಿತರು. ಎಲ್ಲರೂ ನಗುತ್ತಾರೆ, ವೈನಿಯೂ ನಗುತ್ತಾರೆ, ನಾನೂ ನಕ್ಕಿದ್ದೇನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಮೊದಲೇ ಇತ್ತು. ನಮ್ಮ ಮನೆಗೆ ಅದೇ ಸಾಕಾಗಿತ್ತು.

ಈಗ ಯಾಕೆ ಬರೆಯುತ್ತಿದ್ದೇನೆ?

ಮದುವೆಯಾಗಿ ನಾನು ಕಲಬುರಗಿಯಲ್ಲೇ ಇದ್ದೇನೆ. ವೈನಿಗೆ ಈಗ ಲಿವರಿನ ತೊಂದರೆ ಹೆಚ್ಚಾಗಿ, ತಪಾಸಣೆಗೆ ಅನುಕೂಲವೆಂದು ತಿಂಗಳಿನಿಂದ ನನ್ನ ಮನೆಯಲ್ಲಿದ್ದಾರೆ. ಹೊಸ ಡಾಕ್ಟರು ಹಳೆಯ ಫೈಲು ತಿರುವಿ ಹಾಕಿ, "ಮೊದಲು ಈ ಔಷಧ ಕೊಟ್ಟಾಗ ತಗೊಂಡಿಲ್ಲ ಅಂತ ಬರದದ. ಈ ಸಲನರೆ ಬರೋಬರಿ ತಗೋರಿ ಅಮ್ಮಾ," ಎಂದು ಅದೇ ಕ್ಯಾಪ್ಸೂಲ್ ಬರೆದರು, ಲಿವರಿಗೂ ಅದೇ ಔಷಧವಂತೆ. ಅಣ್ಣ ಊರಿಗೆ ಹೊರಡುವಾಗ ನನಗೆ ಹೇಳಿದ: "ಮುಂದ ನಿಂತು ನುಂಗಸು. ಬಾಯಿ ತೆಗಿಸಿ ನೋಡು. ಇಕಿ ತುಳಸಿ ಆಣಿ ಗೊತ್ತದಲ್ಲ ನಿನಗ."

ನಾನು ತೆರೆಸಬೇಕಾಗಿಲ್ಲ. ಊಟದ ನಡುವೆ ಗುಳಿಗೆ ನುಂಗಿ, ನೀರು ಕುಡಿದು, ವೈನಿ ತಾವಾಗಿಯೇ ನನ್ನ ಕಡೆ ತಿರುಗಿ ಬಾಯಿ ತೆರೆಯುತ್ತಾರೆ. ನಾಲಗೆ ಎತ್ತಿ ಕೆಳಗೂ ತೋರಿಸುತ್ತಾರೆ. ನನಗೆ ಜಡೆ ಹಾಕಿದವರು, ಸಣ್ಣ ಮಗುವಿನ ಹಾಗೆ. ಎರಡೂ ಹೊತ್ತು, ದಿನಾ. ನಾನು "ಹಾಂ, ಆತು" ಎನ್ನುತ್ತೇನೆ. ಒಮ್ಮೆಯೂ ಬೇಡ ಎಂದಿಲ್ಲ.

ಮೊನ್ನೆ ಕ್ಯಾಪ್ಸೂಲನ್ನು ಅಂಗೈಯಲ್ಲಿ ಹೊರಳಿಸಿ ನೋಡುತ್ತ ಅಂದರು: "ಇದು ಆಗಿನ ಮೊದಲನೇ ತಿಂಗಳದಂಥಾದು ನೋಡು. ಆಮ್ಯಾಲಿನ ಕಂಪನಿದು ಸಿಹಿ ಇತ್ತು. ಅದು ನನ್ನ ಮೈಗೆ ಹತ್ತಲಿಲ್ಲ ಕಾಣಸ್ತದ." ಕಳ್ಳನ ಮನಸ್ಸು ಹುಳ್ಳುಳ್ಳಗೆ, ಗೊತ್ತಿದ್ದೇ ಕೇಳುತ್ತಿದ್ದಾರೇನೋ ಎಂದು ಮುಖ ನೋಡಿದೆ. ಏನೂ ಇರಲಿಲ್ಲ. ಹದಿನೆಂಟು ವರ್ಷ ಕಳೆದರೂ ಅವರು ತಪ್ಪನ್ನು ಹುಡುಕುತ್ತಿರುವುದು ತಮ್ಮ ಮೈಯಲ್ಲಿಯೇ. ಅಂದಿನಿಂದ ನಾನು ಕುಳಿತಲ್ಲಿ ಕುಳಿತಿಲ್ಲ. ಹಾಲು ಉಕ್ಕಿಸುತ್ತೇನೆ, ಬಾಗಿಲು ಹಾಕಿದೆನೋ ಇಲ್ಲವೋ ಎಂದು ಎರಡೆರಡು ಸಲ ಎದ್ದು ಹೋಗುತ್ತೇನೆ.

ಸೋಮವಾರ ಡಾಕ್ಟರರ ಬಳಿ ಹೋಗಿ ಫೈಲಿನ ಆ ಸಾಲನ್ನು ಹೊಡೆಸುತ್ತೇನೆ; ಈ ರೋಗಿ ಔಷಧ ತಪ್ಪಿಸಿಲ್ಲ, ಇವರಿಗೆ ಔಷಧ ಸಿಕ್ಕೇ ಇರಲಿಲ್ಲ ಎಂದು ಬರೆಸುತ್ತೇನೆ. ಅದಕ್ಕಿಂತ ಮೊದಲು ನಾಳೆ ರವಿವಾರ ಅಣ್ಣ ಬರುತ್ತಾನೆ. ವೈನಿ ಕ್ಷಮಿಸಲಿ ಎಂದು ನಾನು ಕೇಳುವುದಿಲ್ಲ, ಕೇಳಿದರೆ ಅವರು ಕ್ಷಮಿಸಿಬಿಡುತ್ತಾರೆ. ಎಲ್ಲರೂ ಊಟಕ್ಕೆ ಕೂರುತ್ತಾರೆ. ವೈನಿ ಎರಡು ತುತ್ತು ಉಂಡು, ಗುಳಿಗೆ ನುಂಗಿ, ಅಣ್ಣನ ಎದುರಿಗೆ ನನ್ನ ಕಡೆ ತಿರುಗಿ ಬಾಯಿ ತೆರೆಯುತ್ತಾರೆ. ಅಷ್ಟರೊಳಗೆ ನಾನು ಬಾಯಿ ಬಿಟ್ಟಿರಬೇಕು.