ಬೋರಣ್ಣನ ಹಕ್ಕಳೆ

ಆಲೆಮನೆ ನಡೆಸುವ ಬೋರಣ್ಣನ ಮುಂಗೈ ಮೇಲೆ ಕುದಿಯುವ ಬೆಲ್ಲದ ಪಾಕ ಸಿಡಿದಿತ್ತು. ಮದ್ದೂರಿನಲ್ಲಿ ನಾನು ನರ್ಸಾಗಿರುವ ಆಸ್ಪತ್ರೆಗೆ ಡ್ರೆಸಿಂಗಿಗೆ ಬರುವಾಗಲೆಲ್ಲ ಈ ಮಹಾಶಯ ಗಾಯದ ಮೇಲೆ ಒಣಗಿ ಕಟ್ಟಿದ ಹಕ್ಕಳೆ ಕಿತ್ತುಕೊಂಡೇ ಬರುತ್ತಿದ್ದ. ಕೇಳಿದರೆ, "ಒಳಗೆ ವಾಸಿ ಆಯ್ತಾ ಅಂತ ನೋಡ್ದೆ ಕಣಮ್ಮ" ಅನ್ನುತ್ತಿದ್ದ.

"ಗಾಯದ ಅಂಚಿಂದ ಹೊಸ ಚರ್ಮದ ಜೀವಕೋಶಗಳು ಹಕ್ಕಳೆ ಅಡೀಲಿ ತೆವಳ್ಕೊಂಡು ಮಧ್ಯಕ್ಕೆ ಬರ್ತವೆ. ನೀನು ಕಿತ್ತರೆ ಅವೂ ಕಿತ್ತು ಬರ್ತವೆ. ಕೊನೆಗೆ ದಪ್ಪ ಕಲೆ ಉಳಿಯುತ್ತೆ" ಅಂತ ಮೂರು ಸಲ ಹೇಳಿದೆ. ಗೋಡೆಗೆ ಹೇಳಿದ್ದರೆ ಸುಣ್ಣವಾದರೂ ಉದುರುತ್ತಿತ್ತು.

ಹೋದ ವಾರ ಮಳವಳ್ಳಿಯಿಂದ ಬರುವಾಗ ಅವನ ಆಲೆಮನೆಗೆ ಹೋದೆ. ಆಗಷ್ಟೇ ಅಚ್ಚಿಗೆ ಹುಯ್ದ ಬೆಲ್ಲದತ್ತ ಬೆರಳು ಚಾಚಿದೆ.

"ಮುಟ್ಬ್ಯಾಡ ಕಣಮ್ಮ! ಬಿಸಿ ಆರೋಗಂಟ ತಡಿ!" ಎಂದು ಕಿರುಚಿಕೊಂಡ.

ಸಿಕ್ಕಿಬಿದ್ದ ಅಂದುಕೊಂಡೆ. "ಒಳಗೆ ಗಟ್ಟಿ ಆಯ್ತಾ ಅಂತ ನೋಡ್ದೆ, ಬೋರಣ್ಣ" ಅಂದೆ.

ಅವನು ಬೆಲ್ಲ ನೋಡಿದ, ತನ್ನ ಕೈ ನೋಡಿಕೊಂಡ.

"ಬೆಲ್ಲಕ್ಕೆ ನವೆ ಆಗಕಿಲ್ವಲ್ಲಮ್ಮ" ಅಂದ.

ಮೂರು ಸಲ ಭಾಷಣ ಬಿಗಿದಿದ್ದ ನಾನು, ನವೆಯಾಗುತ್ತಾ ಅಂತ ಒಂದು ಸಲವೂ ಕೇಳಿರಲಿಲ್ಲ. ನವೆಯ ಮುಲಾಮು ಅಷ್ಟೂ ದಿನ ನನ್ನ ಮೇಜಿನ ಮೇಲೇ ಇತ್ತು.