ಬಣ್ಣದ ನೋಟ್‌ಬುಕ್ಕುಗಳು

ಅಕ್ಕ ಹದಿನೆಂಟು ವರ್ಷ ದುಡಿದ ಕಂಪನಿ ಒಂದೇ ಇಮೇಲ್‌ನಲ್ಲಿ ಅವಳನ್ನು ಮನೆಗೆ ಕಳಿಸಿತು. ಹೊಸ ಕೆಲಸದ ಇಂಟರ್‌ವ್ಯೂಗೆಂದು ಆರು ತಿಂಗಳು ಕೋಡಿಂಗ್ ಪ್ರಶ್ನೆಗಳನ್ನು ವಿಷಯವಾರು ಅರೆದು ಕುಡಿದಳು. ಅರೇ ಎಂಬ ವಿಷಯಕ್ಕೆ ಕೆಂಪು ನೋಟ್‌ಬುಕ್, ಟ್ರೀ ಎಂಬುದಕ್ಕೆ ಹಸಿರು, ಗ್ರಾಫ್‌ಗೆ ನೀಲಿ. ಭಾವ ಊಟದ ಮೇಜಿನ ಆಚೆ ಕೂತು, "ಈಗ ಹಸಿರು ಕಣೇ" ಎಂದು ಹೇಳಿಯೇ ಪ್ರಶ್ನೆ ಓದುತ್ತಿದ್ದರು. ಅವಳು ಪಟಪಟನೆ ಬಿಡಿಸುತ್ತಿದ್ದಳು.

ಇಂಟರ್‌ವ್ಯೂ ಮಾಡಿದವನೋ, ಅವಳ ಮಗನ ವಯಸ್ಸಿನವನು. ಪ್ರಶ್ನೆ ನೋಡಿ ಅಕ್ಕ ತಡಬಡಾಯಿಸಿ, "ಇದು ಯಾವ ಟಾಪಿಕ್, ಸರ್?" ಎಂದು ಕೇಳಿಬಿಟ್ಟಳು.

"ಅದನ್ನೂ ನಾನೇ ಹೇಳಿದ್ರೆ ನೀವ್ಯಾಕೆ ಬೇಕು, ಮೇಡಂ?" ಎಂದು ನಕ್ಕನಂತೆ.

ಹಳೆಯ ಆಫೀಸಿನಲ್ಲಿ ಕೆಟ್ಟುನಿಂತ ಪ್ರೋಗ್ರಾಂ ಯಾವತ್ತೂ ತನ್ನ ಬಣ್ಣ ಹೇಳಿಕೊಂಡು ಬಂದಿರಲಿಲ್ಲ. ಏನಾಗಿದೆಯೆಂದು ಅವಳೇ ಕಂಡುಹಿಡಿದು ಸರಿಮಾಡುತ್ತಿದ್ದಳು. ಆ ವಿದ್ಯೆಯನ್ನು ಆರೇ ತಿಂಗಳ ತಯಾರಿ ನುಂಗಿ ನೀರು ಕುಡಿದಿತ್ತು.